ಹವಾಯಿ ಚಪ್ಪಲಿಯೂ 87 ಕಿಲೋಮೀಟರೂ



ನಿನ್ನೆ ವಾಟ್ಸಾಪ್ ಗ್ರೂಪಿನಲ್ಲಿ ಗೆಳೆಯರೊಬ್ಬರು ಒಂದು ಲೆಕ್ಕ ಹಾಕಿದ್ರು. ಕಲಬುರಗಿ ವಿಮಾನ ನಿಲ್ದಾಣದಿಂದ ಬೀದರ್ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 87 ಕಿ.ಮೀ., ಹಾರಾಟದ ಸಮಯ 20 ನಿಮಿಷ. ಕೆಳಗೆ "ಕಲ್ಯಾಣ ಕರ್ನಾಟಕ ಎಲ್ಲಿಗೆ ಬಂತು ನೋಡ್ರಿ" ಅಂತ ಬರೆದಿದ್ರು. ನಾನು ಕೇಳಿದ್ದು ಇಷ್ಟೇ: ಸರ್, ವಿಮಾನ ಎಷ್ಟು ಗಂಟೆಗದ? ಉತ್ತರ ಇಲ್ಲ. ಯಾಕಂದ್ರೆ ವಿಮಾನಾನೇ ಇಲ್ಲ.

ಕಲಬುರಗಿ ನಿಲ್ದಾಣ ಉದ್ಘಾಟನೆ ಆಗಿದ್ದು 2019 ನವೆಂಬರ್, ಬೀದರಿನದು 2020 ಫೆಬ್ರವರಿ. ಎರಡೂ ಕಡೆಯಿಂದ ಬೆಂಗಳೂರು ವಿಮಾನ ಹಾರ್ತಿದ್ದ ದಿನದಲ್ಲೂ ಕಲಬುರಗಿಯವನು ಬೀದರಿಗೆ ಹಾರಬೇಕಂದ್ರೆ ಬೆಂಗಳೂರಿಗೆ 460, ಅಲ್ಲಿಂದ ವಾಪಸ್ 520, ಒಟ್ಟು 980 ಕಿ.ಮೀ. ಗಾಳ್ಯಾಗ ಸುತ್ತಬೇಕಿತ್ತು. ಬೀದರಿನ ವಿಮಾನವಂತೂ ನಿಂತು, ಮತ್ತೆ ಶುರುವಾಗಿ, ಅದೇ ಒಂದು ಸುದ್ದಿ.

ಹವಾಯಿ ಚಪ್ಪಲಿ ಹಾಕಿದವರೂ ವಿಮಾನ ಹತ್ತಬೇಕು ಅಂತ ಪ್ರಧಾನಿ ಹೇಳಿದ್ದು 2017ರಲ್ಲಿ, ಉಡಾನ್ ಶುರುಮಾಡುವಾಗ. ಚಪ್ಪಲಿ ವಿಷಯ ನಮಗೆ ಹೇಳಿಕೊಡಬೇಡ್ರಿ. ಚಪ್ಪಲಿ ಹೊಲಿದವರು ನಾವು. ಗೌಡರ ಓಣಿ ಬಂದಾಗ ಅದೇ ಚಪ್ಪಲಿ ಕೈಯಾಗ ಹಿಡ್ಕೊಂಡು ನಡೆದವರೂ ನಾವೇ. ಒಂದು ತಾಸಿನ ಹಾರಾಟಕ್ಕೆ ಅರ್ಧ ಸೀಟು ಸುಮಾರು 2,500 ರೂಪಾಯಿಗೆ ಅಂದ್ರು. 2025-26ರ ನರೇಗಾ ಕೂಲಿ ದಿನಕ್ಕೆ 370. ಹೊಟ್ಟೆಗೆ ಏನೂ ತಿನ್ನದೆ ಏಳು ದಿನ ಮಣ್ಣು ಹೊತ್ತರೆ ಒಂದು ಸೀಟು. ಅದೂ ಹೋಗೋಕೆ ಮಾತ್ರ.

ಆ ಅಗ್ಗದ ಸೀಟಿನ ನಷ್ಟ ತುಂಬಿಕೊಡೋದು ಸರ್ಕಾರ, ಮೂರು ವರ್ಷ. ಅದರಲ್ಲಿ ರಾಜ್ಯದ ಪಾಲೂ ಇದೆ. ಆಮೇಲೆ? 2023ರ ಸಿಎಜಿ ವರದಿ ತೆಗೆದು ನೋಡ್ರಿ. ಮೊದಲ ಮೂರು ಸುತ್ತಿನಲ್ಲಿ ಕೊಟ್ಟ 774 ಮಾರ್ಗಗಳಲ್ಲಿ ಹಾರಿದ್ದು 371. ಮೂರು ವರ್ಷ ಪೂರೈಸಿದ್ದು 112. ಅದರ ನಂತರವೂ ಉಳಿದದ್ದು 54. ಸಹಾಯಧನ ಮುಗೀತು, ರೆಕ್ಕೆ ಮಡಚಿದ್ರು. ಇದೇ ರಿಯಾಯಿತಿ ನಮ್ಮ ಹುಡುಗರ ಸ್ಕಾಲರ್‌ಶಿಪ್‌ಗೆ ಕೇಳಿದರೆ "ಬಿಟ್ಟಿ ಭಾಗ್ಯ" ಅಂತ ಮೂಗು ಮುರಿಯೋರು ಇದಕ್ಕೆ ಅಭಿವೃದ್ಧಿ ಅಂತಾರೆ.

"ಹಾಗಾದ್ರೆ ವಿಮಾನ ಬೇಡವಾ?" ಅಂತ ಕಾಮೆಂಟ್ ಹಾಕೋರು ತಡೀರಿ. ಬೇಕು. ಬಾಬಾಸಾಹೇಬರು 1913ರಲ್ಲೇ ಸಮುದ್ರ ದಾಟಿ ಕೊಲಂಬಿಯಾಕ್ಕೆ ಓದೋಕೆ ಹೋದವರು, ನಮ್ಮ ಮಕ್ಕಳು ಪೈಲಟ್ಟೇ ಆಗ್ಲಿ. ನನ್ನ ತಕರಾರು ಅದಲ್ಲ. ಇದೇ ಬೀದರ್–ಕಲಬುರಗಿ ನಡುವೆ 110 ಕಿ.ಮೀ. ರೈಲು ಹಳಿ ಮಂಜೂರಾಗಿದ್ದು ತೊಂಬತ್ತರ ದಶಕದಲ್ಲಿ, ಉದ್ಘಾಟನೆ 2017ರ ಅಕ್ಟೋಬರಿನಲ್ಲಿ. ಬಡವರ ಹಳಿಗೆ ಇಪ್ಪತ್ತು ವರ್ಷ! ಕಲಬುರಗಿ ರೈಲ್ವೆ ವಿಭಾಗ ಘೋಷಣೆಯಾಗಿ ಹತ್ತು ವರ್ಷ ದಾಟಿತು, ಇನ್ನೂ ಕಡತದಾಗೇ ಅದ. ಕಡತ ಅಂದ್ರೇನು ಅಂತ ಗುಮಾಸ್ತನಾದ ನನಗೆ ಬೇರೆ ಯಾರೂ ಹೇಳಬೇಕಿಲ್ಲ.

ರಾತ್ರಿ ಸ್ಟೇಷನ್ನಿಗೆ ಬಂದು ಬೆಂಗಳೂರು ರೈಲಿನ ಜನರಲ್ ಬೋಗಿ ನೋಡ್ರಿ. ಸಂಡಾಸಿನ ಬಾಗಿಲಿಗೆ ಒರಗಿ, ಜೋಳದ ಚೀಲ ತೊಡೆ ಮ್ಯಾಲೆ ಇಟ್ಕೊಂಡು, ಕೂಸಿಗೆ ಹಾಲು ಕುಡಿಸ್ತಾ ಕೂತ ತಾಯಿ ಯಾರ ಕೇರಿಯವಳು? ಅಲ್ಲಿ ವಿಮಾನ ನಿಲ್ದಾಣದ ಗೋಡೆ ಕಟ್ಟೋಕೆ ಹೋಗುವವರೂ ಅವರೇ ಇರಬಹುದು. ಆ ರೈಲಿಗೆ ಇನ್ನೆರಡು ಜನರಲ್ ಬೋಗಿ ಹಾಕಿಸ್ರಿ ಅಂತ ನಮ್ಮ ಎಷ್ಟು ಜನಪ್ರತಿನಿಧಿಗಳು ಬಾಯಿ ಬಿಟ್ಟಾರ?

ಗೆಳೆಯರೇ, ಮುಂದಿನ ಸಲ ಗ್ರೂಪಿನಲ್ಲಿ ದೂರದ ಲೆಕ್ಕ ಹಾಕುವಾಗ ಇನ್ನೊಂದನ್ನೂ ಹಾಕ್ರಿ. ಕಲಬುರಗಿಯಲ್ಲಿ ಸಂಜೆ ಕಾಲೇಜು ಬಿಟ್ಟ ಹುಡುಗಿ ತನ್ನ ಕೇರಿ, ತನ್ನ ತಾಂಡಾ ಮುಟ್ಟೋಕೆ ಎಷ್ಟು ತಾಸು ಬೇಕು? ಅವಳೂರಿಗೆ ಕೊನೇ ಬಸ್ಸು ಎಷ್ಟು ಗಂಟೆಗದ?