ತಸ್ತೀಕಿನ ಲೆಕ್ಕ ಗುಡಿಯ ಗೋಡೆಗೆ ಬರಲಿ

ಹಾಸನದ ಹಾಸನಾಂಬೆ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ತೆರೆಯುವ ಗುರುವಾರ ಮಂತ್ರಿ, ಶಾಸಕರು, ಜಿಲ್ಲಾಧಿಕಾರಿ ಎಲ್ಲರೂ ಗರ್ಭಗುಡಿಯ ಮುಂದೆ ಕೈಕಟ್ಟಿ ನಿಂತಿರುತ್ತಾರೆ. ದೇವಿಯ ಒಡವೆ ಬರುವುದು ಸರ್ಕಾರದ ಖಜಾನೆಯಿಂದ, ಹುಂಡಿ ಎಣಿಸುವುದು ಸರ್ಕಾರಿ ನೌಕರರು. ಆದರೂ ಅರಸು ಮನೆತನದವರೊಬ್ಬರು ಬಾಳೆಕಂದು ಕಡಿಯುವ ತನಕ ಬಾಗಿಲು ತೆಗೆಯುವಂತಿಲ್ಲ. ದೊರೆತನ ಹೋಗಿ ಮುಕ್ಕಾಲು ಶತಮಾನವಾದರೂ ಶಾಸ್ತ್ರ ಹೋಗಲಿಲ್ಲ. ಲೆಕ್ಕದ ಪುಸ್ತಕ ಮಾತ್ರ ಕೈ ಬದಲಾಯಿಸಿತು.

ಹೊಳೆನರಸೀಪುರ, ಅರಕಲಗೂಡಿನ ಕಡೆ ಮುಜರಾಯಿ ಕಡತ ನೋಡಿಕೊಂಡೇ ನಿವೃತ್ತನಾದವನು ನಾನು. ‘ದೇವಸ್ಥಾನಗಳನ್ನು ಸರ್ಕಾರದ ಹಿಡಿತದಿಂದ ಬಿಡಿಸಿ’ ಎಂಬ ಕೂಗು ಚುನಾವಣೆ ಹತ್ತಿರವಾದಾಗೆಲ್ಲ ಎದ್ದೇಳುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮ ಜಿಲ್ಲೆಯ ದೊಡ್ಡ ಗುಡಿಗಳು ಆಳುವವರ ಕೈಗೆ ಸಿಕ್ಕದೆ ಇದ್ದ ಕಾಲ ಯಾವುದು, ಯಾರಾದರೂ ಹೇಳಲಿ. ಬೇಲೂರಿನ ಕೇಶವನನ್ನು 1117ರಲ್ಲಿ ಪ್ರತಿಷ್ಠೆ ಮಾಡಿಸಿದವನೇ ಹೊಯ್ಸಳ ದೊರೆ ವಿಷ್ಣುವರ್ಧನ. ಗಂಡ ವೈಷ್ಣವನಾದರೂ ಅವನ ರಾಣಿ ಶಾಂತಲೆ ಜೈನಳಾಗಿಯೇ ಉಳಿದು, ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದಳು. ಬೇರೆ ಕಡೆ ಆಳುವವರ ಹಿಡಿತ ಇದಕ್ಕಿಂತ ಬಿಗಿಯಾಗಿತ್ತು: ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ 1534ರಲ್ಲಿ ಚರ್ಚಿಗೆ ತಾನೇ ಯಜಮಾನ ಎಂದು ಕಾಯ್ದೆ ಮಾಡಿಸಿಕೊಂಡ. ಒಪ್ಪದ ಅವನ ಹಳೆಯ ಮಂತ್ರಿ ಥಾಮಸ್ ಮೋರ್‌ನ ತಲೆ ಮರುವರ್ಷವೇ ಉರುಳಿತು. ಮಠಗಳ ಆಸ್ತಿಯೂ ಅರಮನೆಯ ಪಾಲಾಯಿತು.

ಹಾಗೆಂದು ನಮ್ಮಲ್ಲಿ ಎಲ್ಲವೂ ಸುಖವಾಗಿತ್ತು ಎಂದಲ್ಲ. ಶ್ರೀವೈಷ್ಣವರಿಂದ ಅನ್ಯಾಯವಾಗುತ್ತಿದೆ ಎಂದು ಜೈನರು ವಿಜಯನಗರದ ಬುಕ್ಕರಾಯನ ಹತ್ತಿರ ದೂರು ಒಯ್ದರು. 1368ರಲ್ಲಿ ಅವನು ಕೊಟ್ಟ ತೀರ್ಪು ಬೆಳಗೊಳದ ಭಂಡಾರಿ ಬಸದಿಯ ಶಾಸನದಲ್ಲಿದೆ. ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟದ್ದನ್ನು ಎಲ್ಲರೂ ಭಾಷಣದಲ್ಲಿ ಹೇಳುತ್ತಾರೆ. ನನ್ನಂಥ ಗುಮಾಸ್ತನ ಕಣ್ಣು ಅದರ ಮುಂದಿನ ಸಾಲುಗಳ ಮೇಲೆ. ಜೈನರ ಮನೆಗೆ ವರ್ಷಕ್ಕೆ ಒಂದು ಹಣ ಎತ್ತಬೇಕು, ಎತ್ತುವವನು ತಿರುಮಲೆಯ ತಾತಯ್ಯ. ಅದರಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ಇಡಬೇಕು, ಮಿಕ್ಕ ಹಣದಲ್ಲಿ ಹಾಳುಬಿದ್ದ ಜಿನಾಲಯಗಳಿಗೆ ಸುಣ್ಣ ಹೊಡೆಸಿ ರಿಪೇರಿ ಮಾಡಿಸಬೇಕು. ಯಾರಿಂದ ಎಷ್ಟು, ಯಾರ ಕೈಗೆ, ಯಾವ ಖರ್ಚಿಗೆ ಎಲ್ಲವೂ ಕಲ್ಲಿನ ಮೇಲೆ, ಓದು ಬಂದವರೆಲ್ಲ ಓದುವಂತೆ.

ಈಗಿನ ದೊರೆ ಸರ್ಕಾರ. 1955ರ ಇನಾಂ ರದ್ದತಿ ಕಾಯ್ದೆಯಲ್ಲಿ ದೇವರ ಇನಾಂ ಜಮೀನು ಹೋಯಿತು, ಬದಲಿಗೆ ತಸ್ತೀಕ್ ಎಂಬ ವಾರ್ಷಿಕ ನಗದು ಬಂತು. ಉಳುವವನಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ವರಮಾನ ಕಡಿಮೆಯಿರುವ ‘ಸಿ’ ವರ್ಗದ ಗುಡಿಗೆ 2025ರ ಬಜೆಟ್ಟಿನಲ್ಲಿ ಏರಿಸಿದ ಮೇಲೂ ವರ್ಷಕ್ಕೆ 72,000 ರೂಪಾಯಿ. ತಿಂಗಳಿಗೆ ಆರು ಸಾವಿರ. ದೀಪದೆಣ್ಣೆ, ನೈವೇದ್ಯದ ಅಕ್ಕಿ, ಅರ್ಚಕರ ಸಂಸಾರ, ಎಲ್ಲ ಇದರಲ್ಲೇ ಆಗಬೇಕು. ಹಾಸನಾಂಬೆಯ ಸಾವಿರ ರೂಪಾಯಿ ಟಿಕೆಟ್ಟಿನ ಸಾಲು ಟಿವಿಯಲ್ಲಿ ಬರುತ್ತದೆ, ಆರು ಸಾವಿರದ ಗುಡಿ ಎಲ್ಲಿಯೂ ಬರುವುದಿಲ್ಲ.

ಆಡಳಿತ ಸರ್ಕಾರದ ಬಳಿಯೇ ಇರಲಿ. ಟ್ರಸ್ಟುಗಳ ಕೈಗೆ ಕೊಟ್ಟರೆ ಊರಿನ ನಾಲ್ಕು ದೊಡ್ಡಮನೆಗಳ ಪಾಲಾಗುತ್ತದೆ, ಆಗ ಪ್ರಶ್ನೆ ಕೇಳಲು ತಾಲ್ಲೂಕು ಕಚೇರಿಯೂ ಇರುವುದಿಲ್ಲ. ಆದರೆ ಪ್ರತಿ ಮುಜರಾಯಿ ಗುಡಿಯ ಗೋಡೆಯ ಮೇಲೆ ನಾಲ್ಕು ಸಂಗತಿ ಬರೆಸಲಿ: ಹೋದ ಜಮೀನೆಷ್ಟು, ಗೊತ್ತುಮಾಡಿದ ತಸ್ತೀಕೆಷ್ಟು, ಈ ವರ್ಷ ಬಂದದ್ದೆಷ್ಟು, ಬಂದ ತಾರೀಕು ಯಾವುದು. ಬುಕ್ಕರಾಯನ ಕಾಲದಲ್ಲಿ ಕಲ್ಲು ಕೆತ್ತಬೇಕಿತ್ತು. ಈಗ ಒಂದು ಡಬ್ಬಿ ಪೇಂಟು ಸಾಕು, ಮುಜರಾಯಿ ಸಚಿವರು ಈ ವರ್ಷವೇ ಬರೆಸಲಿ.