ಬಾಯಿಲ್ಲದ ಇಂಗ್ಲಿಷು

ದೇವಲಾಪುರದಂತಹ ಹೋಬಳಿಯಿಂದ ಕಾಲೇಜಿಗೆ ಬರುವ ಹುಡುಗ ಹಸುವಿನ ಮೇಲೆ ಇಂಗ್ಲಿಷಿನಲ್ಲಿ ಒಂದು ಪುಟ ಪ್ರಬಂಧ ಬರೆಯಬಲ್ಲ. ಅವನ ಮನೆಯ ಹಸು ಎಷ್ಟು ಹಾಲು ಕರೆಯುತ್ತದೆಂದು ಅದೇ ಭಾಷೆಯಲ್ಲಿ ಕೇಳಿದರೆ ತಲೆ ತಗ್ಗಿಸುತ್ತಾನೆ. ಇದಕ್ಕೆ ಕನ್ನಡ ಮಾಧ್ಯಮವೇ ಕಾರಣವೆನ್ನುವ ಮಹನೀಯರೊಡನೆ ನನ್ನದೊಂದು ತಕರಾರಿದೆ.

ಇದೇ ತಾಲ್ಲೂಕಿನ ಬೆಳ್ಳೂರನ್ನು ಹೆಸರಿನಲ್ಲಿ ಹೊತ್ತ ಬಿ. ಎಂ. ಶ್ರೀಕಂಠಯ್ಯನವರು, ಕೃಷ್ಣರಾಜಪೇಟೆಯ ಕಡೆಯ ಅಕ್ಕಿಹೆಬ್ಬಾಳಿನ ಎ. ಎನ್. ಮೂರ್ತಿರಾಯರು, ಇಬ್ಬರೂ ಇಂಗ್ಲಿಷಿನ ಅಧ್ಯಾಪಕರೇ. ಅವರಿಗೆ ಕನ್ನಡ ಅಡ್ಡ ಬಂದಿತೆ? ಅವರು ಅಸಾಧಾರಣರು ಎನ್ನುವಿರಾದರೆ ಒಪ್ಪಿದೆ. ಸಾಧಾರಣರ ಮಾತನ್ನೇ ಆಡೋಣ.

ಸರ್ಕಾರವು 2007ರಲ್ಲಿ ಒಂದನೆಯ ತರಗತಿಗೇ ಇಂಗ್ಲಿಷನ್ನು ತಂದಿತು. 2019ರಲ್ಲಿ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನೂ ತೆರೆಯಿತು. ಪಾಠದ ಕ್ರಮ ಮಾತ್ರ ಬಹುಮಟ್ಟಿಗೆ ಹಳೆಯದೇ: ಗುರುಗಳು ಹಲಗೆಯ ಮೇಲೆ ಉತ್ತರ ಬರೆಯುವುದು, ಮಕ್ಕಳು ಅದನ್ನಿಳಿಸಿಕೊಂಡು ಉರುಹೊಡೆಯುವುದು. ನಲವತ್ತು ನಿಮಿಷವೂ ಗುರುಗಳೇ ಮಾತನಾಡಿದರೆ ಮಗುವಿನ ಪಾಲಿಗೆ ಉಳಿಯುವುದೇನು? ಕೆರೆಯ ಏರಿಯ ಮೇಲೆ ಕೂರಿಸಿ ಈಜು ಕಲಿಸಿದಂತಾಯಿತು.

ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ. ನಿನ್ನೆಯ ಸಂತೆಯ ಸಂಗತಿಯನ್ನು ಒಬ್ಬನು ಹೇಳಲಿ, ಇನ್ನೊಬ್ಬನು ಪ್ರಶ್ನೆ ಕೇಳಲಿ. ಅನಂತರ ಇಬ್ಬರೂ ಅದನ್ನೇ ಐದು ವಾಕ್ಯಗಳಲ್ಲಿ ಬರೆಯಲಿ. ತಪ್ಪನ್ನು ಮಾತು ಮುಗಿದ ಮೇಲೆ ತಿದ್ದಿ. ನಡುವೆಯೇ ಬಾಯಿ ಮುಚ್ಚಿಸಬೇಡಿ.

ಕನ್ನಡ ಮೇಷ್ಟರುಗಳಾದ ನಾವೂ ನಿರ್ದೋಷಿಗಳಲ್ಲ; ನಾವೂ ಟಿಪ್ಪಣಿ ಬರೆಸಿಯೇ ಕಾಲ ಕಳೆದೆವು. ತನ್ನ ನುಡಿಯಲ್ಲೇ ಎದ್ದು ನಿಂತು ನಾಲ್ಕು ಮಾತಾಡದ ಮಗು ಪರನುಡಿಯಲ್ಲಿ ಆಡೀತೆ? ಮಾಧ್ಯಮವನ್ನು ಬದಲಿಸುವ ಮುನ್ನ ಮಗುವಿಗೆ ಮಾತನಾಡಲು ಬಿಡಿ.