ಮೊಲಕ್ಕೆ ನಾಲ್ಕೇ ಕಾಲು ಕಣ್ರೀ!

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು" ಅಂತ ಗಾದೆ ಮಾಡಿದ ಜನ ನಾವು. ಆದ್ರೆ ಮೊಲ ಸಾಕೋ ವಿಷಯದಲ್ಲೂ ಅದೇ ಗಾದೆ ಹಿಡ್ಕೊಂಡು ವಾದ ಮಾಡ್ತಾರೆ ನೋಡಿ, ಅಲ್ಲೇ ನನಗೆ ರೇಗೋದು.

ಡೊಂಬಿವಿಲಿಯ ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಈಗ ಆರು ಮೊಲಗಳಿವೆ. ಒಂದನ್ನೂ ದುಡ್ಡು ಕೊಟ್ಟು ತಂದದ್ದಲ್ಲ. ಒಂದು, ಮನೆ ಖಾಲಿ ಮಾಡಿದವರು ಟೆರೇಸಿನಲ್ಲಿ ಬಿಟ್ಟುಹೋದದ್ದು. ಇನ್ನೊಂದು, ಬರ್ತ್‌ಡೇಗೆ ಗಿಫ್ಟಾಗಿ ಬಂದು ಪರೀಕ್ಷೆ ಹೊತ್ತಿಗೆ ಬೇಡವಾದದ್ದು. ಉಳಿದ ನಾಲ್ಕು, "ಎರಡೂ ಹೆಣ್ಣೇ ಸಾರ್" ಅಂತ ಅಂಗಡಿಯವನು ಯಾರಿಗೋ ಮಾರಿದ ಜೋಡಿಯ ಸಂತಾನ! ಮೊಲದ ಗರ್ಭ ಬರೀ ಒಂದು ತಿಂಗಳು. ಮರಿ ಹಾಕಿದ ದಿನವೇ ಮತ್ತೆ ಗಬ್ಬ ಕಟ್ಟಬಲ್ಲದು. ಲೆಕ್ಕ ನೀವೇ ಹಾಕಿ.

ನಮ್ಮ ಬಿಲ್ಡಿಂಗಿನವರ ಮೊದಲ ವಾದ: "ಮೊಲ ಅಂದ್ರೆ ಚಿಕ್ಕ ಪ್ರಾಣಿ, ಗಲಾಟೆ ಇಲ್ಲ, ಒಂದು ಪಂಜರ ಸಾಕು." ಅಲ್ಲಾ ಸ್ವಾಮಿ, ಗಲಾಟೆ ಮಾಡಲ್ಲ ಅನ್ನೋದೇ ಅದರ ಕರ್ಮ! ಬೇರೆ ಪ್ರಾಣಿಗಳ ಬಾಯಿಗೆ ಬೀಳೋ ಜೀವ ಅದು, ನೋವಾದ್ರೂ ತೋರಿಸಿಕೊಳ್ಳಲ್ಲ. ಅರ್ಧ ದಿನ ಹುಲ್ಲು ಮುಟ್ಟಲಿಲ್ಲ ಅಂದ್ರೆ ಕರುಳು ನಿಂತಿದೆ ಅಂತ ಅನುಮಾನಪಟ್ಟು ಡಾಕ್ಟರ ಹತ್ರ ಓಡಬೇಕು. ಅದೂ ಮೊಲ ಗೊತ್ತಿರೋ ಡಾಕ್ಟರ ಹತ್ರ. ಉಣ್ಣೆಹುಳಕ್ಕೆ ನಾಯಿಗೆ ಹಾಕೋ ಫಿಪ್ರೊನಿಲ್ ಮೊಲಕ್ಕೆ ವಿಷ. ಬಾಯಿಗೆ ಹಾಕೋ ಅಮಾಕ್ಸಿಸಿಲಿನ್ ಅದರ ಪ್ರಾಣಕ್ಕೇ ಕುತ್ತು.

ಇನ್ನು ಪಂಜರ. ಬ್ರಿಟನ್ನಿನ ರ‍್ಯಾಬಿಟ್ ವೆಲ್ಫೇರ್ ಅಸೋಸಿಯೇಷನ್ ಹೇಳೋ ಪ್ರಕಾರ ಎರಡು ಮೊಲಕ್ಕೆ ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಜಾಗ ಬೇಕು. ಅಂಗಡಿಯವರು ಕಟ್ಟಿಕೊಡೋ ಪಂಜರದಲ್ಲಿ ಅದು ಸರಿಯಾಗಿ ಒಂದು ಸಲ ನೆಗೆಯೋಕೂ ಆಗಲ್ಲ. ತಂತಿಯ ನೆಲ ಬೇರೆ. ಮೊಲದ ಪಾದಕ್ಕೆ ನಾಯಿಯ ಹಾಗೆ ಮೆತ್ತೆ ಇರಲ್ಲ, ಬರೀ ಕೂದಲು. ತಂತಿ ಒತ್ತಿ ಒತ್ತಿ ಹುಣ್ಣಾಗುತ್ತೆ.

ನಮ್ಮನೇಲಿ ಒಂದು ಬೆಡ್‌ರೂಮೇ ಮೊಲಗಳಿಗೆ ಹೋಯ್ತು. ಒಡಹುಟ್ಟಿದ ನಾಲ್ಕಕ್ಕೂ ಆಪರೇಷನ್ ಮಾಡಿಸಿ ಒಟ್ಟಿಗೆ ಬಿಟ್ಟಿದ್ದೀವಿ. ಗಂಡಿಗೆ ಆಪರೇಷನ್ ಆದ್ರೂ ಕೆಲವು ವಾರ ಬೇರೆ ಇಡಬೇಕು, ಅಷ್ಟು ದಿನ ಮರಿ ಆಗೋ ಸಾಧ್ಯತೆ ಇರುತ್ತೆ. ಉಳಿದೆರಡಕ್ಕೆ ಹಾಲಿನಲ್ಲಿ ಬೇಲಿ, ಯಾಕಂದ್ರೆ ಗುರುತಿಲ್ಲದ ಮೊಲಗಳನ್ನ ಏಕ್‌ದಂ ಒಟ್ಟಿಗೆ ಬಿಟ್ರೆ ರಕ್ತ ಬರೋ ಹಾಗೆ ಕಚ್ಚಾಡ್ತವೆ. ನೆಲಕ್ಕೆ ಹಳೇ ಬೆಡ್‌ಶೀಟು, ಅಡಗೋಕೆ ಎರಡು ಬಾಗಿಲು ಕೊರೆದ ರಟ್ಟಿನ ಡಬ್ಬ, ವೈರುಗಳಿಗೆಲ್ಲ ಪೈಪಿನ ಕವಚ. ಮೇ ತಿಂಗಳಲ್ಲಿ ಫ್ಯಾನಿನ ಜೊತೆಗೆ, ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ಬಟ್ಟೆ ಸುತ್ತಿ ಇಡ್ತೀವಿ. ಸೆಕೆಗೆ ಸತ್ತೇ ಹೋಗೋ ಪ್ರಾಣಿ ಇದು, ಬಾಲ್ಕನಿಯ ಬಿಸಿಲಲ್ಲಿ ಇಡ್ತಾರಲ್ಲ! ಊಟಕ್ಕೆ ಕ್ಯಾರೆಟ್ ಅಲ್ಲ ಸ್ವಾಮಿ, ಒಣಹುಲ್ಲು. ಹಲ್ಲು ಬದುಕಿರೋವರೆಗೂ ಬೆಳೀತಾನೇ ಇರುತ್ತೆ, ಹುಲ್ಲು ಅರೆದೇ ಅದು ಸವೀಬೇಕು. ಜೊತೆಗೆ ಒಂದಿಷ್ಟು ಕೊತ್ತಂಬರಿ, ಮೂಲಂಗಿ ಸೊಪ್ಪು. ಇಲ್ಲಿನ ಮಳೆಗಾಲದಲ್ಲಿ ಆ ಹುಲ್ಲಿಗೆ ಬೂಷ್ಟು ಹಿಡೀದ ಹಾಗೆ ಕಾಯೋದೇ ಒಂದು ಕೆಲಸ.

ಎರಡನೇ ವಾದ: "ಮಕ್ಕಳು ದಯೆ ಕಲೀತಾರೆ." ಮೊಲದ ಆಯಸ್ಸು ಎಂಟರಿಂದ ಹನ್ನೆರಡು ವರ್ಷ. ಐದನೇ ಕ್ಲಾಸಿನ ಮಗು ಕಾಲೇಜು ಮುಗಿಸೋವರೆಗೂ ಸಾಕಬೇಕು. ಅದಕ್ಕೆ ಎತ್ತಿ ಮುದ್ದಾಡಿದ್ರೆ ಇಷ್ಟ ಆಗಲ್ಲ. ಹೆದರಿ ಒದ್ದುಕೊಂಡ್ರೆ ಅದರ ಬೆನ್ನುಮೂಳೆಯೇ ಮುರೀಬಹುದು. ಆರು ತಿಂಗಳಿಗೆ ಬೇಜಾರಾಗಿ ಬಿಟ್ಟುಬಿಟ್ರೆ ಮಗು ಕಲಿಯೋದು ದಯೆ ಅಲ್ಲ, ಕೈ ತೊಳ್ಕೊಳ್ಳೋದು.

ಮೂರನೇದು, ನನ್ನ ಮೈ ಉರಿಸೋದು: "ಬೇಡ ಅಂದ್ರೆ ಕಾಡಿಗೆ ಬಿಟ್ರಾಯ್ತು." ನಮ್ಮ ಕನ್ನಡದಲ್ಲಿ ಎರಡಕ್ಕೂ ಮೊಲ ಅಂತಲೇ ಅಂತೀವಿ, ಅದೇ ಎಡವಟ್ಟು. ಊರಲ್ಲಿ ಹೊಲದ ಬದುವಿನಿಂದ ಚಂಗನೆ ನೆಗೆಯುತ್ತಲ್ಲ, ಆ ಕಾಡುಮೊಲವೇ ಬೇರೆ ಜಾತಿ. ಅದರ ಮರಿ ಕಣ್ಣು ಬಿಟ್ಕೊಂಡು, ಮೈತುಂಬ ಕೂದಲು ಹೊತ್ಕೊಂಡೇ ಹುಟ್ಟುತ್ತೆ. ಅಂಗಡಿಯ ಮೊಲ ಯುರೋಪಿನ ಬಿಲಮೊಲದ ವಂಶ. ಬೆತ್ತಲೆ, ಕುರುಡಾಗಿ ಹುಟ್ಟಿ ಮನುಷ್ಯರ ಕೈಯಲ್ಲೇ ಬೆಳೆದದ್ದು. ಬೆಳ್ಳಗೆ ಎದ್ದು ಕಾಣೋ ಅದನ್ನ ಗುಡ್ಡಕ್ಕೆ ಬಿಟ್ರೆ ನಾಯಿ, ಬೆಕ್ಕು, ಹದ್ದು ಬಿಡ್ತವಾ? ಅದು ಬಿಡುಗಡೆ ಅಲ್ಲ ರೀ, ಬಲಿ.

2018ರಲ್ಲೇ ಪೆಟ್ ಶಾಪ್ ನಿಯಮ ಬಂತು, ಪ್ರಾಣಿ ಮಾರೋ ಅಂಗಡಿ ರಾಜ್ಯದ ಪ್ರಾಣಿಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಲೇಬೇಕು. ಆದ್ರೆ ಕೊಳ್ಳೋರು ಕೇಳಿದ್ರೆ ತಾನೇ? ನನ್ನ ಮಾತು ಇಷ್ಟೇ. ದುಡ್ಡು ಕೊಟ್ಟು ಮೊಲ ತರಬೇಡಿ, ಗಿಫ್ಟಂತೂ ಕೊಡಲೇಬೇಡಿ. ಸಾಕಲೇಬೇಕು ಅಂತಿದ್ರೆ ಯಾರೋ ಬಿಟ್ಟುಹೋದದ್ದನ್ನ ತನ್ನಿ, ಮೊದಲು ಆಪರೇಷನ್ ಮಾಡಿಸಿ, ಒಂದು ರೂಮಿನ ಮೂಲೆ ಬಿಟ್ಟುಕೊಡಿ. ಮೂರೂವರೆ ಸಾವಿರ ಬಾಡಿಗೆಯ ಚಾಳಿನಿಂದ ಶುರುಮಾಡಿದ ನಮ್ಮಂಥ ವಲಸೆಗಾರರಿಗೆ ಇಕ್ಕಟ್ಟಿನ ಜಾಗ ಅಂದ್ರೇನು ಅಂತ ಯಾರೂ ಹೇಳಿಕೊಡಬೇಕಿಲ್ಲ, ಏನಂತೀರಿ?